ಆರಾಮ ಮಾಡಿ ಎಂದವರು, ನಡೆಯಿರಿ ಎಂದವರು

ಠಾಣೆಯಿಂದ ಕಲ್ಯಾಣದವರೆಗಿನ ಕನ್ನಡದ ಮನೆಗಳಲ್ಲಿ ‘ಆರಾಮ’ ಎಂಬ ಒಂದೇ ಪದ ಎರಡು ಕೆಲಸ ಮಾಡುತ್ತದೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದವರು ಎದುರಾದಾಗ ‘ಆರಾಮ ಇದ್ದೀರೇನ್ರಿ’ ಎಂದು ಕೇಳುತ್ತಾರೆ. ಅಲ್ಲಿ ಆರಾಮ ಎಂದರೆ ಆರೋಗ್ಯ. ‘ಮೈಯಾಗ ಆರಾಮಿಲ್ಲ’ ಎಂದರೆ ಕಾಯಿಲೆ. ಅದೇ ಪದ ಪಕ್ಕದ ಮನೆಯ ಮರಾಠಿಯವರ ಬಾಯಲ್ಲಿ ‘ಆರಾಮ ಕರಾ’ ಎಂದು ಬಂದರೆ ವಿಶ್ರಾಂತಿ. ‘ಸೌಖ್ಯ ಉಂಟಾ’ ಎಂದು ವಿಚಾರಿಸುವ ಉಡುಪಿ, ಕುಂದಾಪುರದವರ ಮಾತಿಗೂ ಇಲ್ಲಿಗೆ ಬಂದ ಮೇಲೆ ಈ ಪದ ಸೇರಿಕೊಂಡಿದೆ. ಪಾರಸಿಯಿಂದ ಬಂದ ಈ ಪದ ನಮ್ಮಲ್ಲಿ ವಿಶ್ರಾಂತಿಯನ್ನೂ ಆರೋಗ್ಯವನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಟ್ಟಿದೆ. (ಕಾವ್ಯಗಳಲ್ಲಿ ಬರುವ ಸಂಸ್ಕೃತದ ‘ಆರಾಮ’ ಬೇರೆ ದಾರಿಯಿಂದ ಬಂದದ್ದು. ಅದರ ಅರ್ಥ ತೋಟ, ಉದ್ಯಾನ. ಅಂದರೆ ಜನ ಅಡ್ಡಾಡುವ ಜಾಗ!)

ಜ್ವರ, ನೆಗಡಿಗೆ ಈ ಗಂಟಿನಿಂದ ತೊಂದರೆಯಿಲ್ಲ. ಮನೆಯ ಹಿರಿಯರೊಬ್ಬರ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿರುವುದು ಗೊತ್ತಾದಾಗ ತೊಂದರೆ ಶುರುವಾಗುತ್ತದೆ. ‘ಮಾಮ, ನೀವು ಕೂತುಕೊಳ್ಳಿ, ತರಕಾರಿ ನಾವು ತರ್ತೇವೆ.’ ಮೊದಲು ಕೈಚೀಲ ಹೋಗುತ್ತದೆ, ಆಮೇಲೆ ಮೆಟ್ಟಿಲು, ಆಮೇಲೆ ಸಂಜೆಯ ಸುತ್ತಾಟ. ಆರು ತಿಂಗಳಲ್ಲಿ ಅದೇ ಮನುಷ್ಯ ಕುರ್ಚಿಯಿಂದ ಏಳಲು ಕೈ ಊರುತ್ತಾರೆ. ಕಾಯಿಲೆ ಜೋರಾಯಿತು ಎಂದು ಮನೆಯವರು ಹೇಳಿಕೊಳ್ಳುತ್ತಾರೆ. ಅದರಲ್ಲಿ ಒಂದು ಪಾಲು ಕಾಯಿಲೆಯದು ನಿಜ. ಇನ್ನೊಂದು ಪಾಲು ಕುರ್ಚಿಯದು.

ಕಿಡ್ನಿ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿದ್ದು ಅಜ್ಞಾನವಲ್ಲ, ವೈದ್ಯವಿಜ್ಞಾನವೇ. ಅದಕ್ಕೆ ಕಾರಣಗಳೂ ಇದ್ದವು. ಮೇಲೆಬ್ಬಿಸಿ ನಡೆಸಲು ಹೆಚ್ಚುಕಡಿಮೆ ಒಂದೂವರೆ ಶತಮಾನ ಬೇಕಾಯಿತು.

ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ 1827ರಲ್ಲಿ ತನ್ನ ರೋಗಿಗಳ ವರದಿಗಳನ್ನು ಪ್ರಕಟಿಸಿದ. ಮೈಯೆಲ್ಲ ಬಾತುಕೊಂಡವರ ಮೂತ್ರವನ್ನು ಚಮಚದಲ್ಲಿ ಹಿಡಿದು ಮೇಣದಬತ್ತಿಯ ಮೇಲೆ ಕಾಯಿಸಿದರೆ ಅದು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತಿತ್ತು. ಅವರು ಸತ್ತ ಮೇಲೆ ದೇಹವನ್ನು ಬಿಡಿಸಿ ನೋಡಿದರೆ ಮೂತ್ರಪಿಂಡಗಳು ಕೆಟ್ಟಿರುತ್ತಿದ್ದವು. ಬಾವು, ಮೂತ್ರದ ಪ್ರೋಟೀನು, ಕೆಟ್ಟ ಮೂತ್ರಪಿಂಡ ಮೂರನ್ನೂ ಆತ ಒಂದೇ ದಾರದಲ್ಲಿ ಪೋಣಿಸಿದ. ಮುಂದಿನ ನೂರು ವರ್ಷ ಈ ಕಾಯಿಲೆಗೆ ಅವನದೇ ಹೆಸರು. ರೋಗವನ್ನು ಗುರುತಿಸುವ ವಿದ್ಯೆ ಹೀಗೆ ಸಿಕ್ಕಿತು, ವಾಸಿ ಮಾಡುವ ವಿದ್ಯೆ ಸಿಗಲಿಲ್ಲ. ಕೈಯಲ್ಲಿ ಮದ್ದಿಲ್ಲದ ವೈದ್ಯ ಏನು ಹೇಳಿಯಾನು? ಹಾಸಿಗೆ, ಬೆಚ್ಚನೆಯ ಹೊದಿಕೆ, ಹಾಲಿನ ಪಥ್ಯ. ವಿಲಿಯಂ ಓಸ್ಲರ್ 1892ರಲ್ಲಿ ಬರೆದ, ಒಂದು ತಲೆಮಾರಿನ ವೈದ್ಯರೆಲ್ಲ ಓದಿದ ಪಠ್ಯಪುಸ್ತಕದಲ್ಲೂ ತೀವ್ರ ಸ್ವರೂಪದ ಮೂತ್ರಪಿಂಡದ ಉರಿಯೂತಕ್ಕೆ ಹಾಸಿಗೆಯೇ ಮೊದಲ ಸಲಹೆ.

ಈ ಸಲಹೆಗೆ ಬಲ ಬಂದದ್ದು ಸೈನಿಕರಿಂದ. ಜರ್ಮನಿಯ ವಿಲ್ಹೆಲ್ಮ್ ಲಾಯ್ಬೆ 1878ರಲ್ಲಿ ದೂರ ನಡೆದು ಬಂದ ಆರೋಗ್ಯವಂತ ಸಿಪಾಯಿಗಳ ಮೂತ್ರ ಪರೀಕ್ಷಿಸಿದಾಗ ಕೆಲವರಲ್ಲಿ ಪ್ರೋಟೀನು ಕಂಡಿತು. ಬ್ರೈಟ್ ಪ್ರೋಟೀನನ್ನು ರೋಗದ ಗುರುತು ಎಂದಿದ್ದ. ನಡಿಗೆಯೇ ಆ ಗುರುತನ್ನು ತರುವುದಾದರೆ, ಈಗಾಗಲೇ ರೋಗ ಇರುವವರು ನಡೆದರೆ ಗತಿಯೇನು? ತರ್ಕದಲ್ಲಿ ದೋಷವಿರಲಿಲ್ಲ. ಮೈ ದುಡಿಯುವಾಗ ರಕ್ತ ಸ್ನಾಯುಗಳ ಕಡೆ ಹರಿಯುತ್ತದೆ, ಮೂತ್ರಪಿಂಡಕ್ಕೆ ಹೋಗುವ ರಕ್ತ ಅಷ್ಟು ಹೊತ್ತು ಕಡಿಮೆಯಾಗುತ್ತದೆ ಎಂಬುದೂ ಮುಂದೆ ಸಾಬೀತಾಯಿತು. ಹಾಗಾಗಿ ಹೆದರಿಕೆಗೆ ಆಧಾರವಿತ್ತು. ಆದರೆ ‘ಅಷ್ಟು ಹೊತ್ತು’ ಎನ್ನುವುದರ ಲೆಕ್ಕವನ್ನು ಯಾರೂ ಹಾಕಿರಲಿಲ್ಲ. 1956ರಲ್ಲಿ ಅಮೆರಿಕದ ಕೆನೆತ್ ಗಾರ್ಡ್ನರ್ ಫುಟ್‌ಬಾಲ್ ಆಟಗಾರರ ಮೂತ್ರದಲ್ಲಿ ಪ್ರೋಟೀನು, ರಕ್ತಕಣ ಎಲ್ಲ ಕಂಡು ಅದಕ್ಕೆ ‘ಆಟಗಾರರ ಹುಸಿ ಮೂತ್ರಪಿಂಡ ರೋಗ’ ಎಂಬ ಅರ್ಥದ ಹೆಸರಿಟ್ಟ. ಆಟದಿಂದ ಬಂದದ್ದು ವಿಶ್ರಾಂತಿಯಲ್ಲಿ ಹೋಗುತ್ತದೆ, ಅದು ರೋಗವಲ್ಲ ಎಂಬುದು ಆ ಹೆಸರಿನಲ್ಲೇ ಇದೆ.

ಇನ್ನೊಂದು ಕಡೆಯಿಂದ ಹಾಸಿಗೆಯ ಮೇಲೆಯೇ ಅನುಮಾನ ಹುಟ್ಟಿತ್ತು. ಲಂಡನ್ನಿನ ರಿಚರ್ಡ್ ಆಶರ್ 1947ರಲ್ಲಿ ಮಲಗುವುದರ ಅಪಾಯಗಳ ಕುರಿತು ಒಂದು ಕಟಕಿ ಲೇಖನ ಬರೆದ. ಹಾಸಿಗೆ ಹಿಡಿದವರ ರಕ್ತ ಹೆಪ್ಪುಗಟ್ಟುತ್ತದೆ, ಮೂಳೆ ಸವೆಯುತ್ತದೆ, ಸ್ನಾಯು ಕರಗುತ್ತದೆ, ಕೊನೆಗೆ ಏಳುವ ಮನಸ್ಸೇ ಹೋಗುತ್ತದೆ ಎಂದು ಅಂಗ ಅಂಗವಾಗಿ ವಿವರಿಸಿದ. ಆಮೇಲೆ 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ಹರೆಯದ ಐದು ಮಂದಿ ಗಟ್ಟಿಮುಟ್ಟಾದ ಹುಡುಗರನ್ನು ಮೂರು ವಾರ ಮಲಗಿಸಿದರು. ಮೂವತ್ತು ವರ್ಷದ ನಂತರ ಅದೇ ಐವರನ್ನು ಮತ್ತೆ ಅಳೆದಾಗ, ಮೂವತ್ತು ವರ್ಷದ ವಯಸ್ಸಿಗಿಂತ ಆ ಮೂರು ವಾರದ ಹಾಸಿಗೆ ಅವರ ದಮ್ಮನ್ನು ಹೆಚ್ಚು ಕುಗ್ಗಿಸಿತ್ತೆಂದು ತಿಳಿಯಿತು. ಆರೋಗ್ಯವಂತರ ಕತೆಯೇ ಹೀಗೆ. ಕಿಡ್ನಿ ರೋಗದಲ್ಲಿ ರಕ್ತಹೀನತೆ, ರಕ್ತದ ಆಮ್ಲತೆ, ಊಟ ಸೇರದಿರುವುದು ಎಲ್ಲ ಕೂಡಿ ಸ್ನಾಯುವನ್ನು ಮೊದಲೇ ತಿನ್ನುತ್ತಿರುತ್ತವೆ. ಡಯಾಲಿಸಿಸ್‌ನಲ್ಲಿರುವವರ ದಮ್ಮು ಅದೇ ವಯಸ್ಸಿನ ಆರೋಗ್ಯವಂತರ ಸುಮಾರು ಅರ್ಧದಷ್ಟೇ ಇರುತ್ತದೆ.

ಇಷ್ಟಾದರೂ ವ್ಯಾಯಾಮದ ಪ್ರಶ್ನೆ ಹುಟ್ಟಬೇಕಾದರೆ ರೋಗಿ ಮೊದಲು ಬದುಕಿರಬೇಕಲ್ಲ. ಆ ಕತೆ ಶುರುವಾಗುವುದು ಒಂದು ಪದದಿಂದ. ಸ್ಕಾಟ್‌ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ 1861ರಲ್ಲಿ ತೆಳು ಪೊರೆಯ ಮೂಲಕ ಮೂತ್ರದ ಯೂರಿಯಾವನ್ನು ಬೇರ್ಪಡಿಸಿ, ಆ ಕ್ರಿಯೆಗೆ ಗ್ರೀಕ್ ಮೂಲದ ‘ಡಯಾಲಿಸಿಸ್’ ಎಂಬ ಹೆಸರು ಕೊಟ್ಟ. ಎಂಬತ್ತು ವರ್ಷದ ಮೇಲೆ, ಜರ್ಮನರು ಹಿಡಿದಿದ್ದ ಹಾಲೆಂಡಿನ ಕಾಂಪೆನ್ ಎಂಬ ಊರಲ್ಲಿ ವಿಲ್ಲೆಮ್ ಕೋಲ್ಫ್ ಮಾಂಸದ ಸಾಸೇಜಿಗೆ ಸುತ್ತುವ ಸೆಲೋಫೇನ್ ಕೊಳವೆಯಿಂದ ಯಂತ್ರ ಕಟ್ಟಿ 1943ರಲ್ಲಿ ಮನುಷ್ಯರ ಮೇಲೆ ಬಳಸಿದ. ಮೊದಲ ರೋಗಿಗಳು ಒಬ್ಬರಾದ ಮೇಲೊಬ್ಬರು ತೀರಿಕೊಂಡರು. 1945ರಲ್ಲಿ ಒಬ್ಬ ವೃದ್ಧೆ ಬದುಕಿ ಎದ್ದಳು. ಆದರೆ ಪ್ರತಿಸಲವೂ ಹೊಸ ರಕ್ತನಾಳ ಚುಚ್ಚಬೇಕಿತ್ತು, ಆದ್ದರಿಂದ ಕೆಲವು ಸಲ ಮಾತ್ರ ಮಾಡಬಹುದಾಗಿದ್ದ ಚಿಕಿತ್ಸೆ ಅದು. ಶಾಶ್ವತವಾಗಿ ಕೆಟ್ಟ ಮೂತ್ರಪಿಂಡಕ್ಕೆ ಉಪಯೋಗವಿರಲಿಲ್ಲ.

ಆ ಗಡಿ ದಾಟಿದ್ದು 1960ರ ಮಾರ್ಚ್‌ನಲ್ಲಿ, ಅಮೆರಿಕದ ಸಿಯಾಟಲ್‌ನಲ್ಲಿ. ಬೆಲ್ಡಿಂಗ್ ಸ್ಕ್ರಿಬ್ನರ್ ಕೈಯ ಒಂದು ಅಪಧಮನಿಗೂ ಒಂದು ಅಭಿಧಮನಿಗೂ ಟೆಫ್ಲಾನ್ ಕೊಳವೆ ಜೋಡಿಸಿ ಹೊರಗೆ ಹಾಗೆಯೇ ಬಿಟ್ಟ. ಬೇಕಾದಾಗ ಬಿಚ್ಚಿ ಯಂತ್ರಕ್ಕೆ ಹಾಕಬಹುದು. ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಯಂತ್ರದ ಕೆಲಸಗಾರ, ವಯಸ್ಸು 39. ಆತ ಮುಂದೆ ಹನ್ನೊಂದು ವರ್ಷ ಬದುಕಿದ, ಸತ್ತದ್ದು ಹೃದಯಾಘಾತದಿಂದ. 1966ರಲ್ಲಿ ಬ್ರೆಸ್ಷಿಯಾ, ಸಿಮಿನೊ ಮತ್ತು ಸಂಗಡಿಗರು ನ್ಯೂಯಾರ್ಕಿನಿಂದ ಇನ್ನೂ ಸರಳವಾದ ದಾರಿಯನ್ನು ವರದಿ ಮಾಡಿದರು. ಮಣಿಕಟ್ಟಿನ ಬಳಿ ಎರಡೂ ನಾಳಗಳನ್ನು ಒಳಗೇ ಹೊಲಿದುಬಿಡುವುದು. ಅದೇ ಫಿಸ್ಟುಲಾ. ಇವತ್ತು ಡೊಂಬಿವಲಿಯ ಡಯಾಲಿಸಿಸ್ ಸೆಂಟರಿನಲ್ಲಿ ಮಲಗಿದವರ ಕೈಯಲ್ಲಿ ಹಗ್ಗದಂತೆ ಉಬ್ಬಿ, ಮುಟ್ಟಿದರೆ ಗುಂಯ್‌ಗುಡುವ ನರ.

ಯಂತ್ರಗಳು ಕಡಿಮೆ, ರೋಗಿಗಳು ಹೆಚ್ಚು. ಹಾಗಾಗಿ ಸಿಯಾಟಲ್‌ನಲ್ಲಿ ಯಾರನ್ನು ಉಳಿಸಬೇಕೆಂದು ತೀರ್ಮಾನಿಸಲು ಊರಿನ ಸಾಮಾನ್ಯರದೊಂದು ಸಮಿತಿ ಕೂತಿತು. 1962ರಲ್ಲಿ ಲೈಫ್ ಪತ್ರಿಕೆ ಅದನ್ನು ಬಯಲಿಗೆ ತಂದಾಗ ದೊಡ್ಡ ಗಲಾಟೆಯಾಯಿತು. ನಮ್ಮ ವಿಷಯಕ್ಕೆ ಬೇಕಾದದ್ದು ಆ ಗಲಾಟೆಯಲ್ಲ, ಸಮಿತಿ ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಒಂದು: ಈತ ಮತ್ತೆ ಕೆಲಸಕ್ಕೆ ಹೋಗಬಲ್ಲನೇ? ಅಂದರೆ ಡಯಾಲಿಸಿಸ್ ಹುಟ್ಟಿದಾಗ ಅದರ ಗುರಿ ರೋಗಿಯನ್ನು ಮಂಚದ ಮೇಲೆ ಉಳಿಸುವುದಾಗಿರಲಿಲ್ಲ, ಎಬ್ಬಿಸಿ ಕೆಲಸಕ್ಕೆ ಕಳಿಸುವುದಾಗಿತ್ತು. 1972ರಲ್ಲಿ ಅಮೆರಿಕ ಸರ್ಕಾರ ಖರ್ಚು ವಹಿಸಿಕೊಂಡಿತು, ಸಮಿತಿಗೆ ಕೆಲಸವಿಲ್ಲವಾಯಿತು. ಅದು ಒಳ್ಳೆಯದೇ. ಆದರೆ ವಯಸ್ಸಾದವರು, ಸಕ್ಕರೆ ಕಾಯಿಲೆಯವರು ಸಾಲುಗಟ್ಟಿ ಬಂದಂತೆ ‘ಮತ್ತೆ ಎದ್ದು ನಡೆಯುವುದು’ ಎಂಬ ಮೊದಲಿನ ಮಾತು ಹಿಂದಕ್ಕೆ ಸರಿಯಿತು. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಮಲಗಿ ಎದ್ದು ಹೋಗುವವನೇ ‘ಡಯಾಲಿಸಿಸ್ ಪೇಷಂಟ್’ ಆದ.

ಮುಂಬಯಿಗೆ ಈ ಚಿಕಿತ್ಸೆ ಬಂದ ಕತೆಯಲ್ಲಿ ಪರೇಲಿನ ಕೆಇಎಂ ಆಸ್ಪತ್ರೆಗೆ ಒಂದು ಜಾಗವಿದೆ. 1965ರಲ್ಲಿ ಮೃತವ್ಯಕ್ತಿಯ ಮೂತ್ರಪಿಂಡವನ್ನು ಕಸಿ ಮಾಡುವ ಭಾರತದ ಮೊದಲ ಪ್ರಯತ್ನ ನಡೆದದ್ದು ಅಲ್ಲಿ. ಬದುಕಿರುವ ದಾನಿಯಿಂದ ಮಾಡಿದ ಯಶಸ್ವಿ ಕಸಿ ವೆಲ್ಲೂರಿನ ಸಿಎಂಸಿಯಲ್ಲಿ 1971ರಲ್ಲಿ ಆಯಿತು. ಆದರೆ ಡಯಾಲಿಸಿಸ್ ಎಂಬ ಪದವನ್ನು ದೇಶದ ಮನೆಮನೆಗೆ ಮುಟ್ಟಿಸಿದ್ದು ವೈದ್ಯಕೀಯ ಪತ್ರಿಕೆಗಳಲ್ಲ, ಒಬ್ಬ ರಾಜಕೀಯ ಕೈದಿ.

ಜಯಪ್ರಕಾಶ್ ನಾರಾಯಣ್ ತುರ್ತುಪರಿಸ್ಥಿತಿಯ ಆರಂಭದಲ್ಲೇ, 1975ರ ಜೂನ್ 26ರಂದು ಬಂಧನಕ್ಕೊಳಗಾದರು. ಚಂಡೀಗಢದಲ್ಲಿ ಸೆರೆಯಲ್ಲಿದ್ದಾಗ ಅವರ ಮೂತ್ರಪಿಂಡಗಳು ಕೈಕೊಟ್ಟವು. ನವೆಂಬರ್‌ನಲ್ಲಿ ಬಿಡುಗಡೆಯಾಗಿ ಮುಂಬಯಿಯ ಜಸ್ಲೋಕ್ ಆಸ್ಪತ್ರೆಗೆ ಬಂದರು. ಅಲ್ಲಿ ನೆಫ್ರಾಲಜಿಸ್ಟ್ ಎಂ.ಕೆ. ಮಣಿ ಅವರ ಆರೈಕೆಯಲ್ಲಿ ಡಯಾಲಿಸಿಸ್ ಶುರುವಾಯಿತು, ಕೊನೆಯವರೆಗೂ ನಿಲ್ಲಲಿಲ್ಲ. ಜೆಪಿಗೆ ಸ್ವಂತ ಯಂತ್ರ ಕೊಡಿಸಲು ಜನ ಸಣ್ಣ ಸಣ್ಣ ಮೊತ್ತ ಕೂಡಿಸಿದರು. ಪ್ರಧಾನಿಯ ಪರಿಹಾರ ನಿಧಿಯಿಂದ ಬಂದ ಹಣವನ್ನು ಅವರು ಒಪ್ಪಲಿಲ್ಲ.

ಆಮೇಲಿನದು ಎಲ್ಲರಿಗೂ ಗೊತ್ತಿರುವ ಇತಿಹಾಸ, ಆದರೆ ಅದನ್ನು ಡಯಾಲಿಸಿಸ್ ರೋಗಿಯ ಇತಿಹಾಸವಾಗಿ ಓದುವವರು ಕಡಿಮೆ. ಎಪ್ಪತ್ತನಾಲ್ಕು ದಾಟಿದ, ಯಂತ್ರದ ಆಸರೆಯಲ್ಲಿದ್ದ ಮನುಷ್ಯ 1977ರ ಫೆಬ್ರುವರಿ 6ರಂದು ದೆಹಲಿಯ ರಾಮಲೀಲಾ ಮೈದಾನದಲ್ಲಿ ಜನಸಾಗರದ ಮುಂದೆ ಮಾತಾಡಿದರು, ಜನತಾ ಪಕ್ಷದ ಪರ ಊರೂರು ಸುತ್ತಿದರು. ಆ ಚುನಾವಣೆಯಲ್ಲಿ ಸರ್ಕಾರವೇ ಬಿತ್ತು. 1979ರ ಮಾರ್ಚ್‌ನಲ್ಲಿ ಅವರು ಜಸ್ಲೋಕ್‌ನಲ್ಲಿದ್ದಾಗ ತೀರಿಕೊಂಡರೆಂಬ ಸುಳ್ಳು ಸುದ್ದಿ ಹಬ್ಬಿ ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಿನಲ್ಲಿ ಪ್ರಕಟಿಸಿಯೂ ಬಿಟ್ಟರು. ಜೆಪಿ ಬದುಕಿದ್ದರು! ಕೊನೆಯುಸಿರೆಳೆದದ್ದು ಅದೇ ವರ್ಷ ಅಕ್ಟೋಬರ್ 8ರಂದು, ಪಟ್ನಾದಲ್ಲಿ. ಜೆಪಿ ವ್ಯಾಯಾಮಪಟು ಎಂದು ಹೇಳಲು ಇದನ್ನು ನೆನೆಯಬೇಕಿಲ್ಲ. ಯಂತ್ರಕ್ಕೆ ಕಟ್ಟುಬಿದ್ದವನು ಹಾಸಿಗೆಗೂ ಕಟ್ಟುಬಿದ್ದವನು ಎಂಬ ನಂಬಿಕೆಯನ್ನು ಸುಮಾರು ನಾಲ್ಕು ವರ್ಷ ದೇಶದ ಕಣ್ಣೆದುರೇ ಅವರು ಅಲ್ಲಗಳೆದರು. ಕನ್ನಡದವರಿಗೆ ಇನ್ನೂ ಹತ್ತಿರದ ಹೆಸರು ಯು.ಆರ್. ಅನಂತಮೂರ್ತಿ. 2014ರ ಆಗಸ್ಟ್ 22ರಂದು ತೀರಿಕೊಳ್ಳುವ ಮುನ್ನ ಕೆಲವು ವರ್ಷ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಲೇ ಅವರು ಬರೆದರು, ಸಭೆಗಳಿಗೆ ಹೋದರು, ಜಗಳವಾಡಿದರು.

ಜೆಪಿ ಜಸ್ಲೋಕ್‌ನಲ್ಲಿದ್ದ ಕಾಲಕ್ಕೇ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಹರ್ಷೆಲ್ ಹಾರ್ಟರ್, ಆಂಡ್ರೂ ಗೋಲ್ಡ್‌ಬರ್ಗ್ ಮೊದಲಾದವರು ಡಯಾಲಿಸಿಸ್ ರೋಗಿಗಳಿಂದ ಕ್ರಮವಾದ ವ್ಯಾಯಾಮ ಮಾಡಿಸಿ ನೋಡುವ ಕೆಲಸಕ್ಕೆ ಕೈಹಾಕಿದ್ದರು. 1980ರ ಹೊತ್ತಿಗೆ ಫಲಿತಾಂಶ ಬರತೊಡಗಿತು. ಹೃದಯ ಒಡೆಯಲಿಲ್ಲ, ದಮ್ಮು ಹೆಚ್ಚಿತು. ಆದರೆ ಡಯಾಲಿಸಿಸ್ ಇಲ್ಲದ ದಿನವೂ ಆಸ್ಪತ್ರೆಗೆ ಬಾ ಎಂದರೆ ಯಾರು ಬಂದಾರು? 1986ರಲ್ಲಿ ಪೆಟ್ರೀಶಿಯಾ ಪೇಂಟರ್ ತಂಡ ಸೈಕಲ್ಲಿನ ಪೆಡಲನ್ನು ಡಯಾಲಿಸಿಸ್ ಕುರ್ಚಿಯ ಬಳಿಗೇ ತಂದಿತು. ರಕ್ತ ಯಂತ್ರದಲ್ಲಿ ಸುತ್ತುತ್ತಿದ್ದಂತೆ ಕಾಲು ಪೆಡಲ್ ತುಳಿಯುತ್ತದೆ. ಮೊದಲ ಎರಡು ಗಂಟೆಯೊಳಗೆ ಮುಗಿಸಬೇಕು ಎಂಬ ನಿಯಮ ಅನುಭವದಿಂದ ಬಂತು. ಆಮೇಲೆ ಮೈಯ ನೀರು ಹೆಚ್ಚು ಇಳಿದು ಬಿಪಿ ಕುಸಿಯುತ್ತದೆ. 1989ರಲ್ಲಿ ರಕ್ತಕಣ ಹೆಚ್ಚಿಸುವ ಎರಿಥ್ರೋಪೊಯೆಟಿನ್ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೂ ಇದಕ್ಕೆ ಕೂಡಿಬಂತು. ಹಿಮೋಗ್ಲೋಬಿನ್ ಪಾತಾಳದಲ್ಲಿದ್ದಾಗ ಎರಡು ಮೆಟ್ಟಿಲು ಹತ್ತುವುದೂ ಪರ್ವತಾರೋಹಣವೇ ಆಗಿತ್ತು.

ಫಲಿತಾಂಶಗಳೆಲ್ಲ ಒಂದೇ ದಿಕ್ಕಿನವಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ಬ್ರಿಟನ್ನಿನಲ್ಲಿ 335 ಮಂದಿಯ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪೆಡಲ್ ಎಂಬ ಹೆಸರಿನ ಅಧ್ಯಯನದಲ್ಲಿ, ಆರು ತಿಂಗಳು ಡಯಾಲಿಸಿಸ್ ವೇಳೆ ಸೈಕಲ್ ತುಳಿದವರ ಜೀವನದ ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೇಳಿದಷ್ಟು ತುಳಿದವರೂ ಕಡಿಮೆ. ಜರ್ಮನಿಯಲ್ಲಿ 917 ಮಂದಿಯನ್ನು ಒಂದು ವರ್ಷ ನೋಡಿದ 2023ರ ಅಧ್ಯಯನ ಬೇರೆ ಮಾತು ಹೇಳಿತು. ಅಲ್ಲಿ ಸೈಕಲ್ಲಿನ ಜೊತೆಗೆ ಸ್ನಾಯು ಬಲಪಡಿಸುವ ವ್ಯಾಯಾಮವೂ ಇತ್ತು. ಒಂದು ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಲ್ಲರು ಎಂಬುದೇ ಅಳತೆ. ಶುರುವಿನಲ್ಲಿ ಎರಡೂ ಗುಂಪಿನ ಸರಾಸರಿ 16.2. ವರ್ಷದ ಕೊನೆಗೆ ವ್ಯಾಯಾಮ ಮಾಡಿದವರದು 19.2ಕ್ಕೆ ಏರಿತು, ಮಾಡದವರದು 14.7ಕ್ಕೆ ಇಳಿಯಿತು. ಆ ಎರಡನೆಯ ಸಂಖ್ಯೆಯನ್ನು ಗಮನಿಸಬೇಕು. ಸುಮ್ಮನೆ ಕೂತವರು ಇದ್ದಲ್ಲೇ ಇರಲಿಲ್ಲ.

ಯಂತ್ರ, ತರಬೇತುದಾರ ಯಾವುದೂ ಬೇಡದ ಅಧ್ಯಯನ ದಕ್ಷಿಣ ಇಟಲಿಯವರು ಮುಂದಾಗಿ ನಡೆಸಿದ್ದು. 2017ರಲ್ಲಿ ಪ್ರಕಟವಾದ ಅದರಲ್ಲಿ 296 ರೋಗಿಗಳಿದ್ದರು. ಒಂದು ಗುಂಪಿಗೆ ಮನೆಯಲ್ಲೇ ನಡೆಯಲು ಹೇಳಿದರು: ಡಯಾಲಿಸಿಸ್ ಇಲ್ಲದ ದಿನ, ಹತ್ತು ಹತ್ತು ನಿಮಿಷ ಎರಡು ಸಲ. ವೇಗ ತಪ್ಪದಿರಲು ಸಂಗೀತ ಕಲಿಯುವವರು ಇಟ್ಟುಕೊಳ್ಳುವ ಟಿಕ್‌ಟಿಕ್ ಯಂತ್ರ. ಆರು ತಿಂಗಳ ಮೇಲೆ, ಆರು ನಿಮಿಷದಲ್ಲಿ ನಡೆಯಬಲ್ಲ ದೂರ ಆ ಗುಂಪಿನಲ್ಲಿ 328 ಮೀಟರಿನಿಂದ 367 ಮೀಟರಿಗೆ ಹೋಯಿತು. ಉಳಿದವರದು 321ರಿಂದ 324. ಮೂವತ್ತೊಂಬತ್ತು ಮೀಟರ್ ಎಂದರೆ ದೊಡ್ಡದೇನಲ್ಲ ಅನ್ನಿಸಬಹುದು. ಡೊಂಬಿವಲಿ ಪೂರ್ವದಿಂದ ಪಶ್ಚಿಮಕ್ಕೆ ರೈಲ್ವೆ ಸೇತುವೆ ದಾಟುವವರಿಗೆ, ಅರ್ಧ ದಾರಿಯಲ್ಲಿ ಕಂಬಿ ಹಿಡಿದು ನಿಲ್ಲುವುದಕ್ಕೂ ಒಂದೇ ಉಸಿರಿಗೆ ಆಚೆ ಇಳಿಯುವುದಕ್ಕೂ ಇರುವ ಅಂತರ ಅಷ್ಟೇ.

ಮೂತ್ರಪಿಂಡ ರೋಗದ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಈಗ ವಾರಕ್ಕೆ ಒಟ್ಟು 150 ನಿಮಿಷ ಮಧ್ಯಮ ಶ್ರಮದ ವ್ಯಾಯಾಮ, ಅಥವಾ ರೋಗಿಯ ಹೃದಯ ಮತ್ತು ಮೈ ತಾಳುವಷ್ಟು, ಎನ್ನುತ್ತವೆ. ‘ಮಧ್ಯಮ’ವನ್ನು ಅಳೆಯುವುದು ಹೇಗೆ? ನಾಡಿಬಡಿತ ಎಣಿಸುವುದು ಇಲ್ಲಿ ಕೆಲಸಕ್ಕೆ ಬಾರದು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿ ಎಷ್ಟು ದುಡಿದರೂ ಜೋರಾಗುವುದಿಲ್ಲ. ಅದಕ್ಕೇ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಮಾಡಿದ, ‘ನಿಮಗೆ ಎಷ್ಟು ಕಷ್ಟ ಅನ್ನಿಸುತ್ತಿದೆ’ ಎಂದು ಕೇಳುವ 6ರಿಂದ 20ರವರೆಗಿನ ಅಳತೆಗೋಲನ್ನು ಬಳಸುತ್ತಾರೆ. ಹನ್ನೆರಡು, ಹದಿಮೂರರ ಆಸುಪಾಸು ಸಾಕು: ಮಾತಾಡಬಹುದು, ಹಾಡಲಾಗದು. ನಮ್ಮ ಸುಶ್ರುತ, ವಾಗ್ಭಟರು ‘ಅರ್ಧಶಕ್ತಿ’ ಎಂಬ ಪದ ಬಳಸುತ್ತಾರೆ. ಉಸಿರು ಬಾಯಿಂದ ಬರತೊಡಗಿದರೆ ಅರ್ಧ ಮುಗಿಯಿತು, ನಿಲ್ಲಿಸು ಎಂಬುದು ಸುಶ್ರುತ ಕೊಡುವ ಗುರುತು. ಅವರಿಗೆ ಡಯಾಲಿಸಿಸ್ ಗೊತ್ತಿತ್ತೆಂದು ಯಾರೂ ಹೇಳಬೇಕಾಗಿಲ್ಲ. ಆದರೆ ಕನ್ನಡದಲ್ಲಿ ರೋಗಿಗೆ ತಿಳಿಸಬೇಕಾದರೆ ಬೋರ್ಗ್ ಹದಿಮೂರು ಎನ್ನುವುದಕ್ಕಿಂತ ಅರ್ಧಶಕ್ತಿ ಎನ್ನುವುದು ಎಷ್ಟೋ ಮೇಲು.

ಈ ಲೆಕ್ಕವನ್ನೆಲ್ಲ ಠಾಣೆ ಜಿಲ್ಲೆಯ ನೆಲದ ಮೇಲೆ ಇಟ್ಟು ನೋಡಿದರೆ ಮೊದಲು ಎದುರಾಗುವ ಮಾತು: ‘ನಾವು ದಿನಾ ಓಡಾಡ್ತಾನೇ ಇರ್ತೇವಲ್ಲ, ಇನ್ಯಾವ ವ್ಯಾಯಾಮ?’ ಕಲ್ಯಾಣದಿಂದ ನಿಂತು ಹೋಗುವ ಲೋಕಲ್ ಪಯಣ, ಹೋಟೆಲಿನಲ್ಲಿ ಒಲೆಯ ಮುಂದೆ ಹತ್ತು ತಾಸು. ಮೈ ದಣಿಯುವುದು ನಿಜ. ಆದರೆ ನಿಲ್ಲುವುದು ನಡೆಯುವುದಲ್ಲ. ನಿಂತವರ ಕಾಲಿನಲ್ಲಿ ನೀರು ಇಳಿಯುತ್ತದೆ, ಬಾವು ಹೆಚ್ಚುತ್ತದೆ. ನಡೆದಾಗ ಮೀನಖಂಡ ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಇನ್ನೊಂದು ವ್ಯತ್ಯಾಸ, ದುಡಿಮೆಯಲ್ಲಿ ಎಷ್ಟು ಸಾಕು ಎಂದು ತೀರ್ಮಾನಿಸುವವರು ಬೇರೆಯವರು. ಬಂಡಿ ಹೊರಟಿತೆಂದು ಪ್ಲಾಟ್‌ಫಾರ್ಮ್ ತುಂಬ ಓಡುವಾಗ ಅರ್ಧಶಕ್ತಿಯ ಪ್ರಶ್ನೆ ಯಾರೂ ಕೇಳುವುದಿಲ್ಲ.

ಲೋಕಲ್‌ನಲ್ಲಿ ಫಿಸ್ಟುಲಾ ಇರುವ ಕೈಯನ್ನು ಹೇಗೆ ಕಾಯಬೇಕು ಎಂಬುದಂತೂ ಇಲ್ಲಿನವರದೇ ಸಮಸ್ಯೆ. ಆ ಕೈಯಿಂದ ಮೇಲಿನ ಹಿಡಿಕೆಗೆ ಜೋತುಬೀಳಬಾರದು, ಭಾರದ ಚೀಲವನ್ನು ಮೊಣಕೈ ಮಡಿಕೆಗೆ ಸಿಕ್ಕಿಸಿಕೊಳ್ಳಬಾರದು, ನೂಕುನುಗ್ಗಲಿನಲ್ಲಿ ಅದು ಕಂಬಿಗೂ ಜನಕ್ಕೂ ನಡುವೆ ಅಪ್ಪಚ್ಚಿಯಾಗಬಾರದು. ಬಿಗಿಯಾದ ಬಳೆ, ಗಡಿಯಾರ ಬೇಡ. ಆ ಕೈಯಲ್ಲಿ ಬಿಪಿ ನೋಡಿಸಬಾರದು. ಹಾಗೆಂದು ಕೈಯನ್ನು ಗಾಜಿನಂತೆ ಎತ್ತಿಟ್ಟುಕೊಳ್ಳುವುದೂ ತಪ್ಪು. ಹೊಲಿಗೆ ಮಾಗಿದ ಮೇಲೆ ಮೆತ್ತನೆಯ ಚೆಂಡು ಹಿಸುಕುವುದನ್ನು ಸರ್ಜನ್ನರೇ ಹೇಳಿಕೊಡುತ್ತಾರೆ. ಆಮೇಲೆ ಹಗುರ ಭಾರವನ್ನು ಅವರನ್ನೇ ಕೇಳಿ ಎತ್ತಬಹುದು.

ಎರಡನೆಯದು ಬಿಸಿಲು. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ಬಯಲಿನಲ್ಲಿ ನಡೆದ ಸಮಾರಂಭಕ್ಕೆ ಬಂದಿದ್ದವರಲ್ಲಿ 14 ಮಂದಿ ಬಿಸಿಲಿನ ಹೊಡೆತಕ್ಕೆ ಪ್ರಾಣ ಬಿಟ್ಟರು. ಅವರು ಕೂತಿದ್ದವರು, ಓಡುತ್ತಿದ್ದವರಲ್ಲ. ಈ ಕರಾವಳಿಯ ಸೆಕೆಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರು ಮೈಯನ್ನು ತಂಪಾಗಿಸುವುದಿಲ್ಲ. ಮೂತ್ರಪಿಂಡ ಇನ್ನೂ ಅಲ್ಪಸ್ವಲ್ಪ ಕೆಲಸ ಮಾಡುತ್ತಿರುವವರಿಗೆ ನೀರು ಬತ್ತಿದರೆ ಉಳಿದದ್ದೂ ಹೋಗಬಹುದು. ಡಯಾಲಿಸಿಸ್‌ನವರಿಗೆ ಬಾಯಾರಿಕೆ ಎಂದು ಬೇಕಾದಷ್ಟು ಕುಡಿದರೆ ಆ ನೀರು ಶ್ವಾಸಕೋಶ ಸೇರುತ್ತದೆ. ಇಬ್ಬರಿಗೂ ಒಂದೇ ಪರಿಹಾರ, ಬೆಳಗಿನ ತಂಪು ಅಥವಾ ಮನೆಯ ಪಡಸಾಲೆ. ಠಾಣೆಯ ಉಪವನ ಕೆರೆ, ತಲಾವ್‌ಪಾಳಿಯ ದಂಡೆ, ನೆರೂಳಿನ ಖಾರಿ ಬದಿಯ ನಡಿಗೆದಾರಿ ಸೂರ್ಯ ಏರುವ ಮುಂಚೆ ಚೆನ್ನ. ಏಪ್ರಿಲ್, ಮೇ ತಿಂಗಳ ಹತ್ತು ಗಂಟೆಗೆ ಅಲ್ಲ.

ಕರಾವಳಿಯಿಂದ ಬಂದವರು ನಡಿಗೆ ಮುಗಿಸಿ ಮೊದಲು ಕೈಚಾಚುವುದು ಎಳನೀರಿಗೆ. ಪೊಟ್ಯಾಸಿಯಂ ಏರಿರುವ ಕಿಡ್ನಿ ರೋಗಿಗೆ ಅದಕ್ಕಿಂತ ಮೋಸದ ಪಾನೀಯ ಇನ್ನೊಂದಿಲ್ಲ. ಒಂದು ದೊಡ್ಡ ಲೋಟದಲ್ಲಿ 400ರಿಂದ 600 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಅದನ್ನು ಹೊರಹಾಕುವ ಅಂಗವೇ ಕೆಟ್ಟಿದೆ, ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯ ನಿಂತೇ ಹೋಗಬಹುದು. ಉದ್ಯಾನದ ಗೇಟಿನ ಬಳಿ ಮಾರುವ ಹಸಿರು ರಸ, ನೆಲ್ಲಿಕಾಯಿ ರಸ, ಬೀಟ್‌ರೂಟ್ ರಸಕ್ಕೂ ಇದೇ ಮಾತು. ಜಿಮ್ಮಿನಲ್ಲಿ ಯಾರೋ ಹೇಳಿದರೆಂದು ಪ್ರೋಟೀನ್ ಪುಡಿ, ಕ್ರಿಯಾಟಿನ್ ತಿನ್ನುವುದು ಇನ್ನೊಂದು ಹುಚ್ಚು. ಎಲ್ಲಕ್ಕಿಂತ ಸದ್ದಿಲ್ಲದೆ ಕೆಡುಕು ಮಾಡುವುದು ಮೈಕೈ ನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆ. ನಡಿಗೆಯಿಂದ ಕೆಡದ ಮೂತ್ರಪಿಂಡ ನಡಿಗೆಯ ನೋವಿಗೆ ನುಂಗಿದ ಮಾತ್ರೆಯಿಂದ ಕೆಡಬಹುದು.

ನಡೆಯಲೇಬಾರದ ದಿನಗಳೂ ಇವೆ. ಡಯಾಲಿಸಿಸ್ ತಪ್ಪಿಸಿಕೊಂಡ ದಿನ, ಜ್ವರವಿದ್ದ ದಿನ, ಮಲಗಿದರೆ ಉಸಿರು ಕಟ್ಟುವಾಗ, ಕಾಲಿನ ಬಾವು ಎಂದಿಗಿಂತ ಹೆಚ್ಚಿದಾಗ, ಕೂತಲ್ಲೇ ಮೇಲಿನ ಬಿಪಿ 180 ದಾಟಿದಾಗ. ಡಯಾಲಿಸಿಸ್ ಮುಗಿದ ತಕ್ಷಣವೂ ಬೇಡ, ತಲೆ ಸುತ್ತಿ ಬಿದ್ದಾರು. ನಡೆಯುವಾಗ ಎದೆ ಹಿಡಿದರೆ, ಎದೆಬಡಿತ ತಾಳ ತಪ್ಪಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಒಂದು ವಿಶೇಷ ಎಚ್ಚರಿಕೆ: ಮೂತ್ರಪಿಂಡ ಸೋತಾಗ ಇನ್ಸುಲಿನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಖಾಲಿ ಹೊಟ್ಟೆಯ ನಡಿಗೆಯಲ್ಲಿ ಸಕ್ಕರೆ ಅಂಶ ಕುಸಿಯುವ ಸಂಭವ ಅವರಿಗೆ ಜಾಸ್ತಿ. ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರು ದ್ರವ ಖಾಲಿಯಿದ್ದಾಗ ವ್ಯಾಯಾಮ ಮಾಡಿದರೆ ಹಗುರ. ಯೋಗ ಮಾಡುವವರು ಬಿಪಿ ಹಿಡಿತದಲ್ಲಿಲ್ಲದಿದ್ದರೆ ಶೀರ್ಷಾಸನವನ್ನೂ ಉಸಿರು ಬಿಗಿಹಿಡಿಯುವುದನ್ನೂ ಬಿಡಬೇಕು. ಎಲ್ಲಿಂದ ಶುರು ಮಾಡಬೇಕೆಂದು ತಮ್ಮ ನೆಫ್ರಾಲಜಿಸ್ಟರನ್ನು ಎಲ್ಲರೂ ಕೇಳಲೇಬೇಕು, ಹೃದಯದ ತೊಂದರೆಯೂ ಇದ್ದವರಂತೂ ಕೇಳದೆ ಒಂದು ಹೆಜ್ಜೆಯೂ ಇಡಬಾರದು.

ಕಸಿ ಮಾಡಿಸಿಕೊಂಡವರ ಕತೆ ಬೇರೆಯೇ ಎತ್ತರಕ್ಕೆ ಹೋಗಿದೆ. ಇಂಗ್ಲೆಂಡಿನ ಸರ್ಜನ್ ಮಾರಿಸ್ ಸ್ಲಾಪಾಕ್ 1978ರಲ್ಲಿ ಪೋರ್ಟ್ಸ್‌ಮೌತ್‌ನಲ್ಲಿ ಅಂಗಾಂಗ ಕಸಿಯಾದವರಿಗೆಂದೇ ಕ್ರೀಡಾಕೂಟ ಶುರು ಮಾಡಿದಾಗ ಬಂದವರು ನೂರರಷ್ಟು. ಈಗ ಅದು ಎರಡು ವರ್ಷಕ್ಕೊಮ್ಮೆ ನಡೆಯುವ ವಿಶ್ವ ಕ್ರೀಡಾಕೂಟ, ಭಾರತದವರೂ ಹೋಗುತ್ತಾರೆ. ಕ್ರೊಯೇಷಿಯಾದ ಇವಾನ್ ಕ್ಲಾಸ್ನಿಚ್ 2007ರಲ್ಲಿ ಕಸಿ ಮಾಡಿಸಿಕೊಂಡು 2008ರ ಯೂರೋ ಕಪ್‌ನಲ್ಲಿ ಗೋಲು ಹೊಡೆದ.

ನಮ್ಮವರು ಟಿವಿ ಮುಂದೆ ಕೂತು ನೋಡಿದ, ಆದರೆ ನೋಡುವಾಗ ಗೊತ್ತಿಲ್ಲದ ಉದಾಹರಣೆ ಇನ್ನೊಂದಿದೆ. 2023ರ ಮೇ 21ರಂದು ವಾಂಖೆಡೆಯಲ್ಲಿ ಮುಂಬೈ ಇಂಡಿಯನ್ಸ್ ಪರ 47 ಎಸೆತಗಳಲ್ಲಿ ಅಜೇಯ ನೂರು ಹೊಡೆದ ಆಸ್ಟ್ರೇಲಿಯಾದ ಕ್ಯಾಮರೂನ್ ಗ್ರೀನ್, ಅದೇ ಡಿಸೆಂಬರಿನಲ್ಲಿ ತನಗೆ ಹುಟ್ಟಿನಿಂದಲೇ ದೀರ್ಘಕಾಲದ ಮೂತ್ರಪಿಂಡ ರೋಗವಿದೆ, ಎರಡನೆಯ ಹಂತದಲ್ಲಿದೆ, ಮೂತ್ರಪಿಂಡಗಳು ಸುಮಾರು ಅರವತ್ತು ಪ್ರತಿಶತ ಕೆಲಸ ಮಾಡುತ್ತವೆ ಎಂದು ಬಹಿರಂಗಪಡಿಸಿದ. ಹುಟ್ಟಿದಾಗ ಹನ್ನೆರಡು ವರ್ಷ ದಾಟುವುದೇ ಅನುಮಾನ ಎಂದಿದ್ದರಂತೆ. ಮುಂದಿನ ವರ್ಷ ಆತ ಬೆಂಗಳೂರಿನ ತಂಡಕ್ಕೆ ಬಂದ. ಉಪ್ಪು, ಪ್ರೋಟೀನಿಗೆ ಮಿತಿ ಹಾಕಿಕೊಂಡು ಆಡುತ್ತಾನೆ. 2022ರಲ್ಲಿ ನ್ಯೂಜಿಲೆಂಡ್ ವಿರುದ್ಧ ಕೆರ್ನ್ಸ್‌ನಲ್ಲಿ 89 ರನ್ ಹೊಡೆದ ದಿನ ಮೈಯೆಲ್ಲ ಸೆಟೆದು ನಿಂತದ್ದಕ್ಕೂ ಇದೇ ಕಾರಣವಿರಬಹುದೆಂದು ಆಮೇಲೆ ಹೇಳಿದ. ಎರಡನೆಯ ಹಂತದ ಇಪ್ಪತ್ನಾಲ್ಕರ ಹುಡುಗನನ್ನು ಐದನೆಯ ಹಂತದ ಅರವತ್ತರ ಹಿರಿಯರಿಗೆ ಹೋಲಿಸಲಾಗದು, ಸರಿ. ಐದನೆಯ ಹಂತದವರಿಗೆ ಇಟಲಿಯ ಹತ್ತು ನಿಮಿಷ ಇದೆ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಇದ್ದರೆ ಮಂಗಳವಾರ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಜೊತೆಗೆ ಒಬ್ಬರು ಇದ್ದರೆ ಒಳ್ಳೆಯದು, ಮಾತಾಡುತ್ತಾ ನಡೆದರೆ ಅರ್ಧಶಕ್ತಿಯ ಲೆಕ್ಕವೂ ಅಲ್ಲೇ ಸಿಗುತ್ತದೆ.